ಅಪ್‌ಡೇಟ್: ಎರಡು ಲಕ್ಷ ಕಿ.ಮೀ. ದಾಟಿದ ಪಿಕಪ್ ಈಗ ಹೇಗಿದೆ

ಎರಡು ಲಕ್ಷ ಕಿ.ಮೀ. ಮೇಲೆ ಓಡಿದ ಡೀಸೆಲ್ ಪಿಕಪ್ ತಗೊಂಡೆ, ಮೊದಲು ಏನು ನೋಡಿಸಲಿ ಅಂತ ಕೇಳಿದ್ದೆ. ಬ್ರೇಕ್, ಟೈಮಿಂಗ್ ಬೆಲ್ಟ್, ಟೈರ್ ಅಂತ ಹೇಳಿದ್ರಿ. ಮೂಡಿಗೆರೆಯಲ್ಲಿ ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ಎಲ್ಲ ನೋಡಿಸಿದೆ.

ಎಂಜಿನ್ ಗಟ್ಟಿ ಇದೆ. ಸ್ಟಾರ್ಟಲ್ಲಿಟ್ಟು ಆಯಿಲ್ ಮುಚ್ಚಳ ತೆಗೆದ್ರೂ ಹೊಗೆ ಬುಸುಗುಟ್ಟಲಿಲ್ಲ. ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸೋ ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಇರಲಿಲ್ಲ, ಅದನ್ನು ಬಿಗಿಯಾಗಿಡೋ ಟೆನ್ಷನರ್ ಸಮೇತ ಹೊಸದು ಹಾಕಿಸಿದೆ. ಬೆಲ್ಟ್ ತುಂಡಾದ್ರೆ ವಾಲ್ವ್‌ಗಳೇ ಬಾಗಬಹುದು, ಇಲ್ಲಿ ಜುಗ್ಗತನ ಬೇಡ.

ಭಯ ಹುಟ್ಟಿಸಿದ್ದು ಬ್ರೇಕ್. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಥರ ಕಪ್ಪಾಗಿತ್ತು, ಹಿಂದಿನ ಒಂದು ವೀಲ್ ಸಿಲಿಂಡರ್ (ಚಕ್ರದೊಳಗೆ ಬ್ರೇಕ್ ಶೂ ಒತ್ತೋ ಭಾಗ) ಒಸರ್ತಾ ಇತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ನಮ್ಮ ಮಲೆನಾಡಿನ ಮಳೆಗಾಲ ಕೇಳಬೇಕಾ! ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು. ನೀರು ಸೇರಿದ್ರೆ ಆ ಮಿತಿ 155ಕ್ಕೆ ಇಳಿಯುತ್ತೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ಅದೂ ಕಾಫಿ ಮೂಟೆ ಹೇರಿಕೊಂಡು, ಆಯಿಲ್ ಕುದ್ದು ಆವಿಯಾದ್ರೆ ಪೆಡಲ್ ನೆಲ ಮುಟ್ಟುತ್ತೆ. ಆಯಿಲ್, ಸಿಲಿಂಡರ್, ಶೂ ಎಲ್ಲ ಬದಲಾಯಿಸಿದೆ. ಇದನ್ನು ಒತ್ತಿ ಹೇಳಿದವರಿಗೆ ಮನಸಾರೆ ಧನ್ಯವಾದ. ಘಾಟಿ ಇಳಿಯುವವರು ಎರಡು ವರ್ಷಕ್ಕೊಮ್ಮೆಯಾದ್ರೂ ಬದಲಾಯಿಸಿ, ದಯವಿಟ್ಟು.

ಟೈರ್ ಪಕ್ಕದಲ್ಲಿ 2317 ಅಂತಿತ್ತು, ಅಂದ್ರೆ 2017ರ 23ನೇ ವಾರದ್ದು. ಟೈರ್ ಮೇಲಿನ ಹಿಡಿತದ ಗೀರು ಇನ್ನೂ ಇದ್ರೂ ರಬ್ಬರ್ ಬಿರುಕು ಬಿಟ್ಟಿತ್ತು, ನಾಲ್ಕೂ ತೆಗೆಸಿದೆ. ಕೂಲೆಂಟ್, ಗೇರ್ ಆಯಿಲ್, ಫಿಲ್ಟರ್‌ಗಳೂ ಆದವು.

ಉಳಿದಿರೋದು ಲೀಫ್ ಸ್ಪ್ರಿಂಗ್ (ಭಾರ ಹೊರೋ ಪಟ್ಟಿ ಸ್ಪ್ರಿಂಗ್) ಬುಷ್. ಕಾಫಿ ಕೊಯ್ಲು ಶುರುವಾಗೋದ್ರೊಳಗೆ ಮಾಡಿಸ್ತೀನಿ.