ಜಪಾನ್ ವೀಸಾ: ಕಾರವಾರದವರು ಬೆಂಗಳೂರಿಗೆ ಹೋಗಬೇಕಾ, ಮುಂಬೈಗಾ?

ಶಾಲಿನಿ, ಸದಾಶಿವಗಡ:
ಎಲ್ಲರಿಗೂ ನಮಸ್ಕಾರ. ಮಗ, ಸೊಸೆ ಜಪಾನಿನ ನಗೋಯಾದಲ್ಲಿದ್ದಾರೆ. ಸೊಸೆಗೆ ಈಗ ಐದನೇ ತಿಂಗಳು. ಅವಳಿಗೆ ತಾಯಿ ಇಲ್ಲ, ಬಾಣಂತನಕ್ಕೆ ನಾನೇ ಹೋಗಬೇಕು. ನಮ್ಮವರೂ ಬರುತ್ತಾರೆ. ತೊಡಕು ಏನಂದ್ರೆ, ಅವರು ವಾಸ್ಕೋದಲ್ಲಿ ಕೆಲಸದಲ್ಲಿದ್ದಾಗ ನಮ್ಮಿಬ್ಬರ ಪಾಸ್‌ಪೋರ್ಟ್ ಆಗಿದ್ದು. ಕೊಟ್ಟ ಊರು ಪಣಜಿ, ಹಿಂದಿನ ಪುಟದಲ್ಲಿ ಗೋವಾದ ವಿಳಾಸ. ನಿವೃತ್ತಿಯಾದ ಮೇಲೆ ಇಲ್ಲಿ ನಮ್ಮ ಮನೆಗೇ ಬಂದೆವು. ಆಧಾರ್, ಕರೆಂಟ್ ಬಿಲ್, ಬ್ಯಾಂಕ್ ಖಾತೆ ಎಲ್ಲ ಇಲ್ಲಿಯದೇ. ಮಡಗಾಂವ್‌ನ ಏಜೆಂಟರೊಬ್ಬರು "ಪಣಜಿ ಪಾಸ್‌ಪೋರ್ಟ್ ಅಲ್ವಾ, ಮುಂಬೈಗೇ ಹೋಗಬೇಕು" ಅಂತಾರೆ. ಮಗ ಬೆಂಗಳೂರು ಅಂತಾನೆ. ತಪ್ಪು ಕಡೆ ಕೊಟ್ಟು ಅರ್ಜಿ ವಾಪಸ್ ಬಂದರೆ ಹೆರಿಗೆ ಹೊತ್ತಿಗೆ ಮುಟ್ಟೋದು ಹೇಗೆ? ತಿಳಿದವರು ಹೇಳಿ.

ಹೆಗಡೆ, ಶಿರಸಿ:
ಅಕ್ಕಾ, ಮಗ ಹೇಳಿದ್ದೇ ಸರಿ. ಪಾಸ್‌ಪೋರ್ಟ್ ಎಲ್ಲಿ ಆಗಿದ್ದು ಅನ್ನೋದಲ್ಲ, ಈಗ ಯಾವ ರಾಜ್ಯದಲ್ಲಿ ವಾಸ ಅನ್ನೋದು ಮುಖ್ಯ. ಕರ್ನಾಟಕದವರಿಗೆ ಬೆಂಗಳೂರಿನ ಜಪಾನ್ ಕಾನ್ಸುಲೇಟ್, ಅಂದ್ರೆ ಜಪಾನ್ ಸರ್ಕಾರದ ಇಲ್ಲಿನ ಕಚೇರಿ. ಗೋವಾ, ಮಹಾರಾಷ್ಟ್ರದವರಿಗೆ ಮುಂಬೈ. ಕಾರವಾರಕ್ಕೆ ಪಣಜಿ ಹತ್ತಿರ, ಬೆಂಗಳೂರು ದೂರ, ನಿಜ. ಆದರೆ ಕಾಳಿ ಸೇತುವೆಯ ಆಚೆಯಾದರೂ ಸದಾಶಿವಗಡ ನಮ್ಮ ಜಿಲ್ಲೆಯೇ ಅಲ್ವಾ! ಪಾಸ್‌ಪೋರ್ಟಿನ ವಿಳಾಸ ಬೇರೆ ಇರೋದರಿಂದ ಈಗಿನ ವಿಳಾಸದ ಪುರಾವೆ ಗಟ್ಟಿಯಾಗಿರಲಿ. ಆಧಾರ್ ಒಂದೇ ಸಾಲದು, ಕರೆಂಟ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಇಡಿ.

ಇನ್ನೊಂದು ಮಾತು. ಟೂರಿಸ್ಟ್ ವೀಸಾ ಸುಲಭ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನೀವು ಹೋಗೋದು ಮಗನ ಮನೆಗೆ. ಸಂಬಂಧಿಕರ ಭೇಟಿ ಅಂತಲೇ ಅರ್ಜಿ ಹಾಕಿ. ಅದಕ್ಕೆ ಮಗ ಅಲ್ಲಿಂದ ಆಹ್ವಾನದ ಕಾರಣ ಪತ್ರ, ಜಾಮೀನು ಪತ್ರ, ನೀವು ಇರೋ ದಿನಗಳ ಪಟ್ಟಿ ಕಳಿಸಬೇಕು. ಜೊತೆಗೆ ನಗರ ಕಚೇರಿಯಿಂದ ಜೂಮಿನ್‌ಹ್ಯೋ, ಅಂದ್ರೆ ಮನೆಯಲ್ಲಿ ಯಾರ್‍ಯಾರು ಇದ್ದಾರೆ ಅನ್ನೋ ವಾಸದ ದಾಖಲೆ, ಮತ್ತೆ ಅವನ ತೆರಿಗೆ ಪತ್ರ. ಅವನು ನಿಮ್ಮ ಮಗ ಅನ್ನೋದಕ್ಕೆ ಜನನ ಪ್ರಮಾಣಪತ್ರ. ಅದರಲ್ಲಿ ನಿಮ್ಮ ಹೆಸರು ಹೇಗಿದೆ ಅಂತ ಇವತ್ತೇ ತೆಗೆದು ನೋಡಿ. ನಮ್ಮ ಕಡೆ ಒಂದು ಕಾಗದದಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಮದುವೆಯ ನಂತರದ ಹೆಸರು ಇರೋದು ಜಾಸ್ತಿ.

ನಾಯಕ, ಅಂಕೋಲಾ (ಈಗ ಬೆಂಗಳೂರು):
ಹೆಗಡೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಸುಮ್ನೆ ಕಾನ್ಸುಲೇಟ್ ಬಾಗಿಲಿಗೆ ಹೋಗಬೇಡಿ ಅಮ್ಮ. ಕಾಗದ ತೆಗೆದುಕೊಳ್ಳೋದು ವಿಎಫ್‌ಎಸ್ ಅನ್ನೋ ಕಂಪನಿಯ ಕೇಂದ್ರ, ವೀಸಾ ಕೊಡಬೇಕೋ ಬೇಡವೋ ಅಂತ ನೋಡೋದು ಕಾನ್ಸುಲೇಟ್. ಮೊದಲೇ ಅಪಾಯಿಂಟ್‌ಮೆಂಟ್ ಮಾಡಿಕೊಂಡು ಕಾರವಾರದಿಂದ ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ಈಗಲೇ ಅರ್ಜಿ ಹಾಕಬೇಡಿ. ವೀಸಾ ಕೊಟ್ಟ ದಿನದಿಂದ 3 ತಿಂಗಳೊಳಗೆ ಜಪಾನಿನಲ್ಲಿ ಇಳಿಯಬೇಕು, ಇಲ್ಲದಿದ್ದರೆ ಅದು ಹೋಯಿತು. ಇರಲು ಹೆಚ್ಚೆಂದರೆ 90 ದಿನ. ಅದನ್ನು ಎಣಿಸೋದು ಇಳಿದ ಮೇಲೆ. ಸೊಸೆಗೆ ಎಂಟನೇ ತಿಂಗಳಲ್ಲೇ ಹೋಗಿ ಕೂತರೆ ಬಾಣಂತನದ ದಿನಗಳು ಕಡಿಮೆಯಾಗುತ್ತವೆ. ಒಂಬತ್ತು ಹಿಡಿದ ಮೇಲೆ ಹೊರಡೋದು ಒಳ್ಳೆಯದು.

ಶಾಲಿನಿ, ಸದಾಶಿವಗಡ:
ಇಬ್ಬರಿಗೂ ಕೈಮುಗಿದೆ. ಜನನ ಪ್ರಮಾಣಪತ್ರ ತೆಗೆದು ನೋಡಿದೆ, ನನ್ನ ತವರಿನ ಹೆಸರೇ ಇದೆ! ಪಾಸ್‌ಪೋರ್ಟಿನಲ್ಲಿ ಗಂಡನ ಮನೆ ಹೆಸರು. ಮದುವೆ ನೋಂದಣಿ ಪತ್ರ ಜೊತೆಗಿಟ್ಟರೆ ಆಗುತ್ತಾ, ಅಫಿಡವಿಟ್ ಕೂಡ ಬೇಕಾ?

ಹೆಗಡೆ, ಶಿರಸಿ:
ನೋಂದಣಿ ಪತ್ರದಲ್ಲಿ ಎರಡೂ ಹೆಸರು ಕಂಡರೆ ಅದೇ ಒಳ್ಳೆಯ ಪುರಾವೆ. ಆದರೂ ಕಾರವಾರದಲ್ಲೇ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ ಅಕ್ಕಾ. ಅಷ್ಟು ದೂರ ಹೋಗಿ ಒಂದು ಕಾಗದಕ್ಕೆ ತಿರುಗಿ ಬರೋದು ಬೇಡ.