ತಗಡಿನ ಸೂರು, ಜುಲೈ ಮಳೆ, ಇಟಲಿಯ ಕೌಬಾಯ್ ಸಿನಿಮಾ: ಯಾವುದು ಹಾಕೋದು?

ತುಂಗಾ_ದಂಡೆ

ತೀರ್ಥಹಳ್ಳಿ ಹತ್ತಿರದ ಸಮುದಾಯ ಭವನದಲ್ಲಿ ಜುಲೈನ ಮೂರು ಭಾನುವಾರ ಇಟಲಿಯವರ ವೆಸ್ಟರ್ನ್ ಚಿತ್ರ ತೋರಿಸುವ ಯೋಚನೆ ಇದೆ. 60 ಕುರ್ಚಿ, ಹತ್ತಡಿ ಅಗಲದ 16:9 ಪರದೆ, ಫುಲ್ ಎಚ್‌ಡಿ ಪ್ರೊಜೆಕ್ಟರ್, ನಾಲ್ಕು ಸ್ಪೀಕರ್. ಸೂರು ತಗಡಿನದು. ಅರ್ಧ ಜನ ಕಾಲೇಜು ಹುಡುಗರು, ಇನ್ನರ್ಧ ‘ಶೋಲೆ’ ಬಾಯಿಪಾಠ ಇರುವವರು.

60 ವರ್ಷ ಹಳೆಯ ಈ ಚಿತ್ರಗಳು ಈಗಲೂ ಜನರನ್ನು ಹಿಡಿದು ಕೂರಿಸುವುದು ಯಾತರಿಂದ? ಶುರುವಿಗೆ ಎರಡು ಮಾತು ಆಡಬೇಕು, ‘ಸ್ಟೈಲು’ ಅಂದುಬಿಟ್ಟರೆ ಸಾಲದು. ನನ್ನ ಪಟ್ಟಿ: ಮೊದಲು ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’, ಆಮೇಲೆ ‘ಜ್ಯಾಂಗೋ’, ಕೊನೆಗೆ ‘ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ’. ಹಾಕಿ ನೋಡಿದರೆ ತುಟಿಗೂ ಮಾತಿಗೂ ತಾಳೆ ಇಲ್ಲ, ಚಿತ್ರವೆಲ್ಲ ಕಾಳುಕಾಳು, ಮೇಲೆ ಕೆಳಗೆ ಕಪ್ಪು ಪಟ್ಟಿ. ಫೈಲು ಕೆಟ್ಟಿದೆಯಾ?

ರೀಲು_ಡಬ್ಬಿ

ಫೈಲಿಗೆ ಏನೂ ಆಗಿಲ್ಲ ಮಾರಾಯ್ರೇ. ನೀವು ಹೇಳಿದ ಮೂರೂ ಆ ಚಿತ್ರಗಳ ಹುಟ್ಟುಗುಣ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

35 ಎಂಎಂ ಫಿಲ್ಮಿನಲ್ಲಿ ಒಂದು ಫ್ರೇಮಿಗೆ ಅಂಚಿನ ನಾಲ್ಕು ತೂತಿನ ಎತ್ತರ. ಟೆಕ್ನಿಕಲರ್ ಕಂಪನಿಯ ಇಟಲಿ ಶಾಖೆ ತಂದ ಟೆಕ್ನಿಸ್ಕೋಪ್ ಪದ್ಧತಿಯಲ್ಲಿ ಎರಡೇ. ಸಾವಿರ ಅಡಿ ರೀಲು 11 ನಿಮಿಷಕ್ಕೆ ಮುಗಿಯುವ ಬದಲು 22 ನಿಮಿಷ ಓಡುತ್ತದೆ, ನೆಗೆಟಿವ್ ಖರ್ಚು ಅರ್ಧ. ಅಷ್ಟು ಸಣ್ಣ ಚಿತ್ರವನ್ನು ಹಿಗ್ಗಿಸಿದ ಮೇಲೆ ಕಾಳು ದಪ್ಪಗೆ ಕಾಣದೆ ಇನ್ನೇನು? ಆದರೆ ಈ ಜಿಪುಣತನದಿಂದ ಲಾಭವೂ ಆಯಿತು. ಸಿನಿಮಾಸ್ಕೋಪ್‌ನ ಅನಾಮಾರ್ಫಿಕ್ ಲೆನ್ಸು (ಅಗಲದ ಚಿತ್ರವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿಗೆ ಇಳಿಸುವಂಥದ್ದು) ಮುಖದ ತೀರಾ ಹತ್ತಿರ ಹೋದರೆ ಫೋಕಸ್ ಸಿಗುತ್ತಿರಲಿಲ್ಲ, ಕೆನ್ನೆ ಊದಿದಂತೆ ಕಾಣುವುದೂ ಇತ್ತು. ಟೆಕ್ನಿಸ್ಕೋಪ್‌ಗೆ ಸಾದಾ ಲೆನ್ಸು ಸಾಕು. ಹುಬ್ಬಿನಿಂದ ಮೂಗಿನ ತನಕ ಅಷ್ಟೇ ಪರದೆ ತುಂಬಿಸಬಹುದು: ಬೆವರಿನ ಹನಿ, ಕೊಯ್ಲಾದ ಗದ್ದೆಯ ಕೂಳೆಯಂಥ ಗಡ್ಡ, ಬಿಸಿಲಿಗೆ ಕಿರಿದಾದ ಕಣ್ಣು. ಫ್ರೇಮು ಸಣ್ಣದಾದ್ದರಿಂದ ಲೆನ್ಸಿನ ಫೋಕಲ್ ಲೆಂತ್ ಕಡಿಮೆ, ಹಾಗಾಗಿ ಹಿಂದೆ ದೂರದಲ್ಲಿ ನಿಂತವನೂ ಸ್ಪಷ್ಟ. ನಿಮ್ಮ ಪಟ್ಟಿಯ ಮೊದಲ ಮತ್ತು ಕೊನೆಯ ಚಿತ್ರದ ನಿರ್ದೇಶಕ ಸರ್ಜಿಯೋ ಲಿಯೋನೆ 1964ರಿಂದ 1968ರ ತನಕ ಮಾಡಿದ ನಾಲ್ಕೂ ವೆಸ್ಟರ್ನ್ ಹೀಗೆ ತೆಗೆದವು.

ಆದ್ದರಿಂದ ಪ್ರೊಜೆಕ್ಟರಿನಲ್ಲಿ ನಾಯ್ಸ್ ರಿಡಕ್ಷನ್ ಆಫ್, ಮೋಷನ್ ಸ್ಮೂದಿಂಗ್ ಆಫ್. ಕಾಳು ಒರೆಸಲು ಹೋದರೆ ಮುಖ ಮೇಣದ ಗೊಂಬೆ ಆಗುತ್ತದೆ. ಝೂಮ್ ಮಾಡಿ ಪರದೆ ತುಂಬಿಸಬೇಡಿ. 2.35:1 ಚಿತ್ರದ ಅಗಲದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹಾರಿಹೋಗುತ್ತದೆ, ಅಂಚಿನಲ್ಲಿ ಪಿಸ್ತೂಲಿಗೆ ಕೈ ಹಾಕುವವನ ಕೈಯೇ ಕಾಣಲ್ಲ. ನಿಮ್ಮ ಪರದೆಯಲ್ಲಿ ಚಿತ್ರದ ಎತ್ತರ ನಾಲ್ಕೂಕಾಲು ಅಡಿ, ಮೇಲೆ ಕೆಳಗೆ ಎಂಟೆಂಟು ಇಂಚು ಖಾಲಿ. ಅಲ್ಲಿಗೆ ಕಪ್ಪು ಬಟ್ಟೆ ಕಟ್ಟಿದರೆ ಕಣ್ಣಿಗೆ ಹಿತ. ‘ಜ್ಯಾಂಗೋ’ 1.66:1, ಅದಕ್ಕೆ ಎಡಬಲ ನಾಲ್ಕು ನಾಲ್ಕು ಇಂಚು.

ಇನ್ನು ತುಟಿ. ಸೆಟ್ಟಿನಲ್ಲಿ ಅಮೆರಿಕದವನು ಇಂಗ್ಲಿಷ್, ಇಟಲಿಯವನು ಇಟಾಲಿಯನ್, ಸ್ಪೇನಿನವನು ಸ್ಪ್ಯಾನಿಷ್ ಆಡುತ್ತಿದ್ದರು. ಮಾತೆಲ್ಲ ಆಮೇಲೆ ಡಬ್ಬಿಂಗ್‌ನಲ್ಲಿ. ‘ಮೂಲ ಭಾಷೆ’ ಅಂತ ಹುಡುಕಿ ಸುಸ್ತಾಗಬೇಡಿ. ‘ದ ಗುಡ್...’ಗೆ ಇಂಗ್ಲಿಷ್ ಟ್ರ್ಯಾಕ್ ಹಾಕಿ. ಮುಖ್ಯ ನಟರಾದ ಈಸ್ಟ್‌ವುಡ್, ವಾಲಕ್, ವ್ಯಾನ್ ಕ್ಲೀಫ್ ಮೂವರದ್ದೂ ಸ್ವಂತ ದನಿ. ಅದರಲ್ಲೂ 161 ನಿಮಿಷದ್ದೇ ಇರಲಿ. 2003ರಲ್ಲಿ ಬಿಟ್ಟುಹೋದ ದೃಶ್ಯ ಸೇರಿಸುವಾಗ ಈಸ್ಟ್‌ವುಡ್, ವಾಲಕ್ ಹೊಸದಾಗಿ ಡಬ್ ಮಾಡಿದರು. ಅಷ್ಟೊತ್ತಿಗೆ ದನಿ ಮೂವತ್ತೈದಕ್ಕೂ ಹೆಚ್ಚು ವರ್ಷ ಮುದಿಯಾಗಿತ್ತು. ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅಲ್ಲಿ ಬೇರೆಯವರ ದನಿ.

ಚಂಡೆ_ಪೆಟ್ಟು

ಜುಲೈ ಅಂದ್ರಿ, ತಗಡು ಅಂದ್ರಿ, ‘ಒನ್ಸ್ ಅಪಾನ್’ ಮೊದಲು ಅಂದ್ರಿ. ಮೂರೂ ಒಟ್ಟಿಗೆ ಆಗೋ ಮಾತಲ್ಲ.

ಆ ಚಿತ್ರದ ಮೊದಲ ಹತ್ತು ನಿಮಿಷದಲ್ಲಿ ಸಂಗೀತ ಇಲ್ಲ. ಮೂವರು ರೈಲಿಗೆ ಕಾಯುತ್ತಾರೆ, ಅಷ್ಟೇ. ಎಣ್ಣೆ ಕಾಣದ ಗಾಳಿಯಂತ್ರದ ಕಿರ್‌ಗುಟ್ಟುವಿಕೆ. ಬೋಳುತಲೆಗೆ ಟಪ್ ಟಪ್ ಬೀಳುವ ನೀರು. ಆತ ಜಾಗ ಬದಲಿಸಲ್ಲ, ಟೋಪಿ ಹಾಕಿಕೊಳ್ಳುತ್ತಾನೆ, ಹನಿಯ ಸದ್ದು ಬದಲಾಗುತ್ತದೆ. ಇನ್ನೊಬ್ಬನ ಗಡ್ಡದ ಮೇಲೆ ನೊಣ, ಕೊನೆಗೆ ಅದು ಪಿಸ್ತೂಲಿನ ನಳಿಗೆಯೊಳಗೆ ಸಿಕ್ಕಿ ಗುಂಯ್‌ಗುಡುತ್ತದೆ. ತಗಡಿನ ಮೇಲೆ ಮಳೆ ಹೊಡೆದರೆ ಇದರಲ್ಲಿ ಒಂದೂ ಕೇಳಲ್ಲ. ವಾಲ್ಯೂಮ್ ಏರಿಸಿದಿರೋ, ಮುಂದಿನ ಗುಂಡಿಗೆ ಮುಂದಿನ ಸಾಲಿನ ಅಜ್ಜಂದಿರು ಎದ್ದು ಹೋಗುತ್ತಾರೆ. ಡಿಸೆಂಬರಿಗೆ ಇಟ್ಟುಕೊಳ್ಳಿ.

ಆಕರ್ಷಣೆಯ ಪ್ರಶ್ನೆಗೆ ನನ್ನ ಉತ್ತರ ಲಿಯೋನೆಯ ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆ. ‘ಒನ್ಸ್ ಅಪಾನ್’ಗೆ ಸಂಗೀತ ಮೊದಲೇ ಸಿದ್ಧವಾಗಿ, ಶೂಟಿಂಗ್ ಜಾಗದಲ್ಲಿ ಅದನ್ನು ನುಡಿಸಿ ನಟರನ್ನು ನಡೆಸಿದರು. ನಮ್ಮ ಕಡೆಯವರಿಗೆ ವಿವರಿಸಲು ಕಷ್ಟವಿಲ್ಲ: ಭಾಗವತರ ಪದ ಮೊದಲು, ವೇಷದ ಹೆಜ್ಜೆ ಆಮೇಲೆ. ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ನಲ್ಲಿ (1965) ಹಾಡುವ ಜೇಬುಗಡಿಯಾರ ಇದೆ. ಅದರ ನಾದ ನಿಂತಾಗ ಗುಂಡು ಹಾರಿಸಬೇಕು ಅನ್ನೋದು ಕರಾರು. ಕೀಲಿ ಇಳಿಯುತ್ತಾ ನಾದ ನಿಧಾನವಾಗುವುದು ನಮಗೂ ಕೇಳುತ್ತದಲ್ಲ, ಉಸಿರು ಅಲ್ಲೇ ಕಟ್ಟುತ್ತದೆ. ಸಿಳ್ಳೆ ಅಲೆಸ್ಸಾಂಡ್ರೊ ಅಲೆಸ್ಸಾಂಡ್ರೊನಿಯದು, ಮಾತಿಲ್ಲದ ಆ ಹೆಣ್ಣುದನಿ ಎಡ್ಡಾ ಡೆಲ್ಲೋರ್ಸೊ ಅವರದು.

ಸ್ಪೀಕರ್: ಎರಡು ಪರದೆಯ ಪಕ್ಕ ಕಿವಿಯ ಎತ್ತರಕ್ಕೆ, ಇನ್ನೆರಡು ಹಾಲಿನ ನಡುವೆ. ನಡುವಿನವು 30 ಅಡಿ ಹಿಂದಿದ್ದರೆ ಮಿಕ್ಸರಿನಲ್ಲಿ ಸುಮಾರು 27 ಮಿಲಿಸೆಕೆಂಡ್ ಡಿಲೇ ಕೊಡಿ, ಇಲ್ಲದಿದ್ದರೆ ಒಂದೊಂದು ಗುಂಡೂ ಎರಡೆರಡು ಸಲ ಕೇಳಿದಂತಾಗಿ ಮಾತು ಕಲಸುತ್ತದೆ. ಡಿಸ್ಕಿನಲ್ಲಿ ಮೋನೋ ಟ್ರ್ಯಾಕ್ ಇದ್ದರೆ ಅದೇ ಹಾಕಿ. 5.1 ಟ್ರ್ಯಾಕಿನ ಆರು ಚಾನೆಲ್ಲನ್ನು ಸರಿಯಾಗಿ ಎರಡಕ್ಕೆ ಇಳಿಸದೆ ಸ್ಟೀರಿಯೋಗೆ ಕೊಟ್ಟರೆ ನಡುವಿನ ಚಾನೆಲ್‌ನ ಮಾತು ಮಾಯ.

ತುಂಗಾ_ದಂಡೆ

ಡಿಸೆಂಬರ್ ಒಪ್ಪಿದೆ. ಕನ್ನಡ ಸಬ್‌ಟೈಟಲ್ ಮಾಡಿಸಿದ್ದೇವೆ. ಶುರುವಿನಲ್ಲಿ ಸರಿ ಇದ್ದದ್ದು ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತೆ. ಪೆನ್‌ಡ್ರೈವ್‌ನಿಂದ ಹಾಕಿದರೆ ಒತ್ತಕ್ಷರವೂ ಒಡೆಯುತ್ತೆ.

ಅರ್ಕಾವೊತ್ತು

ಎಲ್ಲ ಸಾಲೂ ಒಂದೇ ಅಂತರದಲ್ಲಿ ತಡವಾದರೆ ಜರುಗಿಸಿದರೆ ಸಾಕು. ಅಂತರ ಬೆಳೆಯುತ್ತಿದ್ದರೆ ಫ್ರೇಮ್ ರೇಟ್ ಬೇರೆ. ವಿಡಿಯೋ ಯುರೋಪಿನ ಟಿವಿ ಮಾದರಿಯ (ಪಾಲ್) ಪ್ರತಿ, ಸೆಕೆಂಡಿಗೆ 25 ಫ್ರೇಮು. ಸಬ್‌ಟೈಟಲ್ 23.976ಕ್ಕೆ ಮಾಡಿದ್ದು. ನಿಮಿಷಕ್ಕೆ ಎರಡೂವರೆ ಸೆಕೆಂಡ್ ತಪ್ಪುತ್ತದೆ, ಹತ್ತು ನಿಮಿಷಕ್ಕೆ 25. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ರೇಟ್ 23.976ರಿಂದ 25ಕ್ಕೆ ಬದಲಿಸಿ, ಮೊದಲ ಮತ್ತು ಕೊನೆಯ ಮಾತು ತಾಳೆ ನೋಡಿ. ಅದಕ್ಕಿಂತ 24 ಫ್ರೇಮಿನ ಬ್ಲೂ-ರೇ ಪ್ರತಿ ತರಿಸುವುದು ಒಳ್ಳೆಯದು. ಪಾಲ್‌ನಲ್ಲಿ ಚಿತ್ರ ನೂರಕ್ಕೆ ನಾಲ್ಕರಷ್ಟು ಬೇಗ ಓಡಿ, ಸಿಳ್ಳೆಯ ಶ್ರುತಿಯೂ ಏರುತ್ತದೆ.

ಪ್ರೊಜೆಕ್ಟರಿಗೆ ಪೆನ್‌ಡ್ರೈವ್ ಚುಚ್ಚಬೇಡಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸಿ, ಸಬ್‌ಟೈಟಲ್ ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿ, ಫಾಂಟ್ ನೋಟೊ ಸಾನ್ಸ್ ಕನ್ನಡ ಇಡಿ. ‘ಸ್ತ್ರೀ’, ‘ಕ್ಷಮೆ’, ‘ಅರ್ಕ’ ಸರಿ ಬಂದರೆ ಮಿಕ್ಕಿದ್ದೂ ಬಂದಂತೆ. ಎರಡು ಸಾಲು ಮೀರಬೇಡಿ. ‘ದ ಗುಡ್...’ನಲ್ಲಿ ವಾಲಕ್ ಮಾಡಿದ ತುಕೋನ ಬೈಗುಳವನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದರೆ ದಯವಿಟ್ಟು ವಾಪಸ್ ಬರೆಸಿ, ಅದು ಗಾಂಧಿ ಬಜಾರಿನ ಬಾಯಲ್ಲಿ ಇರಬೇಕು. ರೀಲು_ಡಬ್ಬಿಯವರೇ, ಕೆಳಗಿನ ಕಪ್ಪು ಬಟ್ಟೆ ಬೇಡ. ಆ ಎಂಟು ಇಂಚು ಸಬ್‌ಟೈಟಲಿಗೆ ಬಿಡಿ.

ರೀಲು_ಡಬ್ಬಿ

ಬಿಟ್ಟೆ.

ಮೊದಲ ವಾರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಹಾಕಿ, ನೂರು ನಿಮಿಷದೊಳಗಿನ ಮಾತು. ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಯೊಜಿಂಬೊ’ದಿಂದ (1961) ಎತ್ತಿದ್ದು ಅಂತ ವ್ಯಾಜ್ಯವಾಗಿ, ಅಮೆರಿಕದಲ್ಲಿ 1967ರ ತನಕ ತೆರೆ ಕಾಣಲಿಲ್ಲ. ಎರಡನೇ ವಾರ ನಿರ್ದೇಶಕ ಕೊರ್ಬೂಚಿಯ ‘ಜ್ಯಾಂಗೋ’ (1966). ಕೆಸರಿನಲ್ಲಿ ಶವಪೆಟ್ಟಿಗೆ ಎಳೆದುಕೊಂಡು ಬರುವವನನ್ನು ನೋಡಲು ನಮ್ಮ ಜುಲೈಗಿಂತ ಒಳ್ಳೆ ಹವೆ ಬೇಕೆ? ಆದರೆ ಕಿವಿ ಕೊಯ್ಯುವ ದೃಶ್ಯ ಇದೆ, ಮಕ್ಕಳನ್ನು ಕರೆತರಬೇಡಿ ಅಂತ ಮೊದಲೇ ಹಾಕಿ. ಬ್ರಿಟನ್ನಿನಲ್ಲಿ 1993ರವರೆಗೆ ಸರ್ಟಿಫಿಕೇಟೇ ಸಿಕ್ಕಿರಲಿಲ್ಲ. ಮನೆಬಳಕೆಯ ಡಿಸ್ಕು ಸಾರ್ವಜನಿಕ ಪ್ರದರ್ಶನಕ್ಕೆ ನಡೆಯಲ್ಲ, ಹಕ್ಕುದಾರರ ಅನುಮತಿಗೆ ಈಗಲೇ ಬರೆಯಿರಿ.

‘ಶೋಲೆ’ ಬಳಗಕ್ಕೆ ಹೀಗೆ ಹೇಳಿ: ಸ್ಪೇನಿನ ಅಲ್ಮೇರಿಯಾ ಅಮೆರಿಕ ಆದಂತೆ ನಮ್ಮ ರಾಮನಗರ ರಾಮಗಢ ಆಯಿತು. ಕೊನೆಯ ವಾರದ ‘ದ ಗುಡ್...’ನ ಮಸಣವೂ ಸ್ಪೇನಿನದೇ, ಬುರ್ಗೋಸ್ ಪ್ರಾಂತ್ಯದಲ್ಲಿ ಸೈನಿಕರಿಂದ ಕಟ್ಟಿಸಿದ ಸೆಟ್ಟು. ಮಣ್ಣಿನಡಿ ಹೂತುಹೋಗಿದ್ದ ಅದರ ಕಲ್ಲುಹಾಸನ್ನು 2015ರಿಂದ ಅಭಿಮಾನಿಗಳು ಗುದ್ದಲಿ ಹಿಡಿದು ಕೆದಕಿ ತೆಗೆದರು.

ಕರೆಂಟು ಹೋಗುತ್ತೆ, ಖಂಡಿತ. ಪ್ರೊಜೆಕ್ಟರ್ ಲ್ಯಾಂಪಿನದಾದರೆ ಕಡ್ಡಾಯವಾಗಿ ಯುಪಿಎಸ್ ಮೇಲಿರಲಿ. ಫ್ಯಾನು ದಿಢೀರನೆ ನಿಂತರೆ ಬಿಸಿ ಲ್ಯಾಂಪಿನ ಆಯಸ್ಸು ಕಡಿಮೆ ಆಗುತ್ತದೆ. 161 ನಿಮಿಷದ್ದಕ್ಕೆ ಇಂಟರ್‌ವಲ್ ಬೇಕೇ ಬೇಕು: ತುಕೋ ಪಾದ್ರಿಯಾದ ಒಡಹುಟ್ಟಿದವನ ಜೊತೆ ಜಗಳ ಮಾಡಿ ಗಾಡಿ ಹತ್ತಿ, ಬ್ಲಾಂಡಿ (ಈಸ್ಟ್‌ವುಡ್) ಕೊಟ್ಟ ಚುಟ್ಟಾ ಬಾಯಿಗಿಟ್ಟುಕೊಂಡ ಮೇಲೆ ನಿಲ್ಲಿಸಿ. ಸೈನಿಕರು ಧೂಳು ಕೊಡವಿಕೊಳ್ಳುವ ಜೋಕು ಅದಾದ ಕೂಡಲೇ ಇದೆ. ಅದರ ಮಧ್ಯೆ ಕತ್ತರಿಸಿದರೆ ನಗು ಚಹಾ ಲೋಟದಲ್ಲೇ ಉಳಿಯುತ್ತೆ.