ಕ್ಯಾನ್‌ಕೂನ್‌ನಿಂದ ಚಿಚೆನ್ ಇಟ್ಜಾ ಮತ್ತು ಸೆನೋಟೆ ಬಸ್ ಟೂರ್: ಹೋಗಿ ಬಂದವರು ಹೇಳಿದ್ದು

ಕೇಳಿದ್ದು, ಡಲ್ಲಾಸ್‌ನಿಂದ

ನಮಸ್ಕಾರ. ಡಿಸೆಂಬರ್ ರಜೆಗೆ ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೊರಟಿದ್ದೇವೆ. ಮೈಸೂರಿನಿಂದ ಬಂದಿರುವ ಅಪ್ಪ, ಅಮ್ಮನೂ ಜೊತೆಗಿರುತ್ತಾರೆ. ಅಲ್ಲಿನ ಮೂಲನಿವಾಸಿ ಮಾಯಾ ಜನರ ಪಿರಮಿಡ್ ಇರುವ ಹಳೇ ನಗರ ಚಿಚೆನ್ ಇಟ್ಜಾ, ಈಜಲು ಒಂದು ಸೆನೋಟೆ ಕೊಳ, ವಯಾದೊಲಿದ್ ಊರು, ಇಷ್ಟನ್ನೂ ಒಂದೇ ದಿನದಲ್ಲಿ ತೋರಿಸುವ ಬಸ್ ಟೂರ್‌ಗಳು ರಾಶಿ ಇವೆ. ಬೆಲೆಯಲ್ಲಿ ಅಜಗಜಾಂತರ. ಹೇಗೆ ಆರಿಸುವುದು? ಅಮ್ಮನಿಗೆ ಮಂಡಿ ನೋವು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಪ್ಪನಿಗೆ ಹಳೇ ಗುಡಿ, ಶಾಸನ ಅಂದರೆ ಪ್ರಾಣ. ದಯವಿಟ್ಟು ನಿಮ್ಮ ಅನುಭವ ಹೇಳಿ.

ಹ್ಯೂಸ್ಟನ್‌ನಿಂದ

ಬೆಲೆ ಆಮೇಲೆ ನೋಡಿ. ಮೊದಲು ಎರಡು ಪ್ರಶ್ನೆ ಕೇಳಿ: ಬಸ್ಸು ಚಿಚೆನ್ ಇಟ್ಜಾ ತಲುಪುವುದು ಎಷ್ಟು ಗಂಟೆಗೆ? ಅಲ್ಲಿ ಎಷ್ಟು ಹೊತ್ತು ಬಿಡುತ್ತಾರೆ? ಟೂರ್ ಚೆನ್ನಾಗಿರುತ್ತದೋ ಇಲ್ಲವೋ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಕ್ಯಾನ್‌ಕೂನ್‌ನಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ನೇರ ಹೋದರೆ ಎರಡೂವರೆ ಗಂಟೆ. ಆದರೆ ಕಡಿಮೆ ಬೆಲೆಯ ದೊಡ್ಡ ಬಸ್ಸುಗಳು ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ಹತ್ತಿಸಿಕೊಳ್ಳುತ್ತವೆ. ನಡುವೆ ಬೆಳ್ಳಿ, ಕಲ್ಲಿನ ಸಾಮಾನು ಮಾರುವ ಅಂಗಡಿಯಲ್ಲಿ ನಿಲ್ಲಿಸುತ್ತವೆ. ನಾವು ಹೋದ ಬಸ್ಸು ಅಂಗಡಿ ಮುಂದೆ ನಿಂತಷ್ಟು ಹೊತ್ತು ಪಿರಮಿಡ್ ಮುಂದೆ ನಿಲ್ಲಲಿಲ್ಲ! ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ದೊಡ್ಡ ಮೈದಾನದಲ್ಲಿ ನೆರಳೇ ಇಲ್ಲ. ವಯಸ್ಸಾದವರಿಗೆ ಅದು ಕಷ್ಟ.

ಗೇಟು ತೆರೆಯುವುದು ಬೆಳಿಗ್ಗೆ 8ಕ್ಕೆ. 9ರ ಒಳಗೆ ತಲುಪಿಸುವ ಚಿಕ್ಕ ವ್ಯಾನ್ ಟೂರ್ ಹಿಡಿಯಿರಿ. ಬೇರೆ ಊರಿನ ಸ್ನೇಹಿತರ ಜೊತೆ ಮತ್ತೊಮ್ಮೆ ನಾವು ಹಾಗೇ ಹೋದೆವು, ಜಾಗವೇ ಬೇರೆ ಅನ್ನಿಸಿತು. ಇಲ್ಲಿ ಗಡಿಯಾರವೂ ನಿಮ್ಮ ಕಡೆಗಿದೆ. ಕ್ಯಾನ್‌ಕೂನ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ, ಚಿಚೆನ್ ಇಟ್ಜಾ ಯುಕಟಾನ್ ರಾಜ್ಯದಲ್ಲಿ. ಯುಕಟಾನ್ ಸಮಯ ಒಂದು ಗಂಟೆ ಹಿಂದೆ. 6 ಗಂಟೆಗೆ ಹೊರಟರೆ ಬಾಗಿಲು ತೆರೆಯುವ ಮೊದಲೇ ಅಲ್ಲಿರಬಹುದು. ಆದರೆ ಗೈಡ್ "11ಕ್ಕೆ ಬಸ್ಸಿಗೆ ಬನ್ನಿ" ಅಂದರೆ ಯಾವ ಊರಿನ 11 ಅಂತ ಕೇಳಿಕೊಳ್ಳಿ.

ಭಾನುವಾರ ಬೇಡ. ಅವತ್ತು ಮೆಕ್ಸಿಕೋದವರಿಗೆ ಕೇಂದ್ರ ಸರ್ಕಾರದ ಪ್ರವೇಶ ಶುಲ್ಕ ಇಲ್ಲ, ಜನ ಜಾಸ್ತಿ. ಟುಲುಮ್, ಕೋಬಾ ಅನ್ನುವ ಬೇರೆ ಮಾಯಾ ಅವಶೇಷಗಳನ್ನೂ ಒಂದೇ ದಿನಕ್ಕೆ ತುರುಕಿದ ಟೂರ್ ಅಂತೂ ಬೇಡವೇ ಬೇಡ. ಕಿಟಕಿಯಲ್ಲಿ ಕಾಡು ನೋಡಿಕೊಂಡೇ ದಿನ ಮುಗಿಯುತ್ತದೆ.

ಟೊರಾಂಟೊದಿಂದ

ನಿಮ್ಮ ಅಪ್ಪನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಮಾವನವರೂ ಅಂಥವರೇ.

ಮುಖ್ಯ ಪಿರಮಿಡ್ ಎಲ್ ಕಾಸ್ತಿಯೊ. ಗರಿಗಳಿರುವ ಸರ್ಪದೇವರು ಕುಕುಲ್ಕಾನನ ಗುಡಿ. ನಾಲ್ಕೂ ಕಡೆ 91 ಮೆಟ್ಟಿಲು, ಮೇಲಿನ ಜಗಲಿ ಒಂದು ಸೇರಿ 365. ವರ್ಷದ ಲೆಕ್ಕ ಕಲ್ಲಿನಲ್ಲೇ ಇದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮ ಆಗುವ ದಿನಗಳಲ್ಲಿ ಸಂಜೆ ಬಿಸಿಲಿಗೆ ಹಾವು ಇಳಿದುಬಂದಂತೆ ನೆರಳು ಬೀಳುತ್ತದೆ. ಡಿಸೆಂಬರ್‌ನಲ್ಲಿ ಅದು ಕಾಣುವುದಿಲ್ಲ, ಮೊದಲೇ ಹೇಳಿಬಿಡಿ. ಈಗ ಪಿರಮಿಡ್ ಹತ್ತಲು ಯಾರನ್ನೂ ಬಿಡುವುದಿಲ್ಲ. ಇದರ ಒಳಗೆ ಇನ್ನೊಂದು ಹಳೇ ಪಿರಮಿಡ್ ಇದೆ. 1930ರ ದಶಕದಲ್ಲಿ ಅಗೆದಾಗ ಅದರೊಳಗೆ ಹಸಿರು ಕಲ್ಲು ಕೂರಿಸಿದ ಕೆಂಪು ಜಾಗ್ವಾರ್ ಪೀಠ ಸಿಕ್ಕಿತು. ಅಲ್ಲಿಗೂ ಪ್ರವೇಶವಿಲ್ಲ. ಆದರೆ ಗೊತ್ತಿದ್ದು ನೋಡುವುದಕ್ಕೂ ಸುಮ್ನೆ ನೋಡುವುದಕ್ಕೂ ವ್ಯತ್ಯಾಸವಿದೆ ಅಲ್ವಾ?

ಹೆಚ್ಚಿನ ಟೂರ್‌ಗಳು ಪಿರಮಿಡ್, ಚೆಂಡಾಟದ ಅಂಗಳ ತೋರಿಸಿ "ಫ್ರೀ ಟೈಮ್" ಅನ್ನುತ್ತವೆ. ಆ ಹೊತ್ತಿನಲ್ಲಿ ಅಪ್ಪನನ್ನು ಎರಡು ಜಾಗಕ್ಕೆ ಕರೆದುಕೊಂಡು ಹೋಗಿ. ಒಂದು ಎಲ್ ಕರಾಕೋಲ್, ಗುಂಡನೆಯ ಗೋಪುರದ ವೀಕ್ಷಣಾಲಯ. ಇನ್ನೊಂದು ಪವಿತ್ರ ಸೆನೋಟೆ. ಪಿರಮಿಡ್‌ನಿಂದ ಉತ್ತರಕ್ಕೆ ಮಾಯಾ ಜನರೇ ಹಾಕಿದ ಹಳೇ ದಾರಿಯಲ್ಲಿ ಸ್ವಲ್ಪ ನಡೆಯಬೇಕು. ಸುಮಾರು 60 ಮೀಟರ್ ಅಗಲದ ಆಳವಾದ ಹೊಂಡ, ಈಜುವ ಹಾಗಿಲ್ಲ. ಮಳೆದೇವರು ಚಾಕ್‌ಗೆ ಇಲ್ಲಿ ಚಿನ್ನ, ಜೇಡ್ ಕಲ್ಲು, ಮನುಷ್ಯರನ್ನೂ ಅರ್ಪಿಸುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ ಇದರ ತಳ ಬಾಚಿ, ಸಿಕ್ಕಿದ್ದನ್ನು ಹಾರ್ವರ್ಡ್‌ನ ಪೀಬಡಿ ಮ್ಯೂಸಿಯಂಗೆ ಕಳಿಸಿದರು. ಕೆಲವು ಮಾತ್ರ ಮೆಕ್ಸಿಕೋಗೆ ವಾಪಸ್ ಬಂದಿವೆ. ಇದನ್ನು ಕೇಳಿ ನನಗೆ ನಿಜಕ್ಕೂ ನೋವಾಯಿತು. ದೇವರಿಗೆ ಕೊಟ್ಟದ್ದು ಇನ್ನೊಂದು ದೇಶದ ಪೆಟ್ಟಿಗೆಯಲ್ಲಿದೆ.

ಯುಕಟಾನ್‌ನ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿ ಇಲ್ಲವೆನ್ನಬಹುದು. ಸುಣ್ಣದಕಲ್ಲಿನ ನೆಲ ಮಳೆನೀರನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಎಲ್ಲಿ ಚಾವಣಿ ಕುಸಿದು ನೀರು ಕಾಣಿಸಿತೋ ಅದೇ ಸೆನೋಟೆ. ಜನ ಕುಡಿದದ್ದು ಆ ನೀರನ್ನೇ. ಈಜಲು ಹೋಗುವ ಮೊದಲು ಇದನ್ನು ಮಕ್ಕಳಿಗೂ ಹೇಳಿ.

ನ್ಯೂಜೆರ್ಸಿಯಿಂದ

ಅಮ್ಮನ ಮಂಡಿ ಬಗ್ಗೆ. ಟೂರ್‌ನವರು ತುಂಬಾ ಕರೆದುಕೊಂಡು ಹೋಗುವುದು ಇಕ್ ಕಿಲ್ ಸೆನೋಟೆಗೆ. ನೀರು ನೆಲಮಟ್ಟದಿಂದ ಸುಮಾರು 26 ಮೀಟರ್ ಕೆಳಗೆ. ಒದ್ದೆ ಕಲ್ಲಿನ ಮೆಟ್ಟಿಲು ಇಳಿದು ಹತ್ತಬೇಕು. ನಮ್ಮ ಅತ್ತೆ ಮೇಲೆ ಕಟ್ಟೆಯ ಹತ್ತಿರವೇ ನಿಂತರು. ಅಲ್ಲಿಂದಲೂ ಇಡೀ ಬಾವಿ, ಜೋತುಬಿದ್ದ ಬೇರುಗಳು ಚೆನ್ನಾಗಿ ಕಾಣುತ್ತವೆ. ಬಲವಂತ ಮಾಡಬೇಡಿ.

ಇಳಿಯುವವರು ಮೊದಲು ಶವರ್ ಮಾಡಬೇಕು. ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಹಚ್ಚಿಕೊಂಡು ನೀರಿಗಿಳಿಯಬಾರದು. ಬಿಸಿಲಿಗೆ ಉದ್ದ ತೋಳಿನ ಬಟ್ಟೆ ಹಾಕಿಕೊಳ್ಳಿ. ನೀರು ತಣ್ಣಗೆ, ತುಂಬಾ ಆಳ. ಈಜು ಬಂದರೂ ಲೈಫ್ ಜಾಕೆಟ್ ಹಾಕಿ.

ಆಸ್ಟಿನ್‌ನಿಂದ

ವೀಸಾ ಬಗ್ಗೆ ಯಾರೂ ಹೇಳಿಲ್ಲ. ಭಾರತದ ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ಅಮೆರಿಕ ವೀಸಾ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೋ ವೀಸಾ ಬೇರೆ ಬೇಡ. ನಿಮ್ಮ ಸ್ಟಾಂಪ್ ಅವಧಿ ಮುಗಿದಿಲ್ಲ ತಾನೇ? ಅಪ್ಪ ಅಮ್ಮನ ವೀಸಾದಲ್ಲಿ ಮತ್ತೆ ಅಮೆರಿಕಕ್ಕೆ ಬರಲು ಅವಕಾಶವಿದೆಯೇ ಅಂತಲೂ ನೋಡಿ. ಟಿಕೆಟ್ ಮಾಡುವ ಮೊದಲು ಮೆಕ್ಸಿಕೋ ಕಾನ್ಸುಲೇಟ್‌ನ ನಿಯಮ ಓದಿಕೊಳ್ಳಿ.

ಚಿಚೆನ್ ಇಟ್ಜಾದಲ್ಲಿ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಎರಡು ಪ್ರವೇಶ ಶುಲ್ಕ. ಅಗ್ಗದ ಟೂರ್‌ಗಳು ಇದನ್ನು ಬಿಟ್ಟು ಬೆಲೆ ಹೇಳಿ, ಬಸ್ಸಿನಲ್ಲಿ ನಗದು ಕೇಳುತ್ತವೆ. ಸೇರಿದೆಯೋ ಇಲ್ಲವೋ ಬರಹದಲ್ಲಿ ತರಿಸಿಕೊಳ್ಳಿ. ಪೆಸೊ ಜೊತೆಗಿರಲಿ.

ಹ್ಯೂಸ್ಟನ್‌ನಿಂದ ಮತ್ತೆ

ಊಟ ಮರೆತಿದ್ದೆ. ಬಫೆಯಲ್ಲಿ ಅನ್ನ, ಕಾಳು, ಜೋಳದ ಟೋರ್ಟಿಯಾ, ಪಪ್ಪಾಯಿ ಸಿಗುತ್ತವೆ. ಆದರೆ ಕಾಳನ್ನು ಹಂದಿ ಕೊಬ್ಬಿನಲ್ಲಿ ಬೇಯಿಸುವುದುಂಟು. "ಸಿನ್ ಮಾಂತೆಕಾ" ಅಂದರೆ ಕೊಬ್ಬಿಲ್ಲದೆ ಅಂತ. ಮಾಂಸ ಬೇಡ ಅನ್ನಲು "ಸಿನ್ ಕಾರ್ನೆ", ಮೊಟ್ಟೆ ಬೇಡ ಅನ್ನಲು "ಸಿನ್ ವೇವೊ". ಅನುಮಾನ ಬಂದರೆ ಕಾಳು ಬಿಟ್ಟುಬಿಡಿ. ಬೆಳಿಗ್ಗೆ ಹೋಟೆಲಿನಿಂದ ಬ್ರೆಡ್ಡು, ಬಾಳೆಹಣ್ಣು ಕಟ್ಟಿಕೊಂಡರೆ ಅಮ್ಮನಿಗೆ ನಿಶ್ಚಿಂತೆ. ಹಬನೇರೊ ಚಟ್ನಿಯನ್ನು ಮಾತ್ರ ಬೆರಳ ತುದಿಯಲ್ಲಿ ರುಚಿ ನೋಡಿ ಹಾಕಿಕೊಳ್ಳಿ, ಬಹಳ ಖಾರ.

ಸ್ಯಾನ್ ಹೋಸೆಯಿಂದ

ಟೂರೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಯಾದೊಲಿದ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಕ್ಯಾನ್‌ಕೂನ್‌ನಿಂದ ಎಡಿಒ ಅನ್ನುವ ಕಂಪನಿಯ ಬಸ್ಸು ಇದೆ, ಆರಾಮಾಗಿರುತ್ತದೆ. ಅಲ್ಲಿಂದ ಚಿಚೆನ್ ಇಟ್ಜಾ ಮುಕ್ಕಾಲು ಗಂಟೆಯ ದಾರಿ. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಹೋಗಿ, ಗೇಟಿನಲ್ಲೇ ಗೈಡ್ ಮಾಡಿಕೊಳ್ಳಬಹುದು. ನಮಗೆ ಸಿಕ್ಕವರು ಮನೆಯಲ್ಲಿ ಮಾಯಾ ಭಾಷೆ ಆಡುವವರು. "ಮಾಯಾ ಜನ ಮಾಯವಾದರು" ಅಂತ ಯಾರಾದರೂ ಅಂದರೆ ಅವರಿಗೆ ಬೇಸರ. ಇವತ್ತಿಗೂ ಲಕ್ಷಾಂತರ ಜನ ಆ ಭಾಷೆ ಆಡುತ್ತಾರೆ. ನಿಮ್ಮ ಅಪ್ಪ ಕೇಳಿದ್ದಕ್ಕೆಲ್ಲ ನಿಂತು ಉತ್ತರ ಹೇಳಲು ಅಂಥವರೇ ಸರಿ. ಊರ ನಡುವೆಯೇ ಸಾಸಿ ಸೆನೋಟೆ ಇದೆ, ಸಂಜೆ ಅಲ್ಲಿಗೆ ನಡೆದೇ ಹೋಗಬಹುದು.